ಡೈರೆಕ್ಟರಿ ಸರ್ವರ್‌ನ ಹಳೆಯ ಖಾತೆಗಳು: ಮೂರು ಭಾನುವಾರಗಳ ಕೆಲಸ

ಮೊದಲ ಭಾನುವಾರ

ಕೊಪ್ಪಳದ ನಮ್ಮ ಕಾಲೇಜಿನ ಎಲ್ಲರ ಲಾಗಿನ್ ಖಾತೆಗಳ ಡೈರೆಕ್ಟರಿ ಇರುವ ಓಪನ್‌ಎಲ್‌ಡ್ಯಾಪ್ ಸರ್ವರ್‌ನಲ್ಲಿ ಓದು ಮುಗಿಸಿ ಹೋದವರ, ವರ್ಗವಾದವರ, ನಿವೃತ್ತರಾದವರ ಖಾತೆಗಳು ವರ್ಷಗಳಿಂದ ಹಾಗೆಯೇ ಉಳಿದಿದ್ದು, ಅವನ್ನು ತೆಗೆಯುವ ಕೆಲಸವನ್ನು ಈ ಬೇಸಿಗೆ ರಜೆಯಲ್ಲಿ ನಾನಾಗಿಯೇ ಹಚ್ಚಿಕೊಂಡಿದ್ದೇನೆ. ಮೊದಲು ಸ್ಲ್ಯಾಪ್‌ಕ್ಯಾಟ್ ಎಂಬ ಆದೇಶದಿಂದ ಇಡೀ ಡೈರೆಕ್ಟರಿಯ ಪ್ರತಿ ತೆಗೆದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡೆ. ಆಮೇಲೆ ಹುಡುಕಾಟ ಸರಿಯಾಗಿ 500 ನಮೂದುಗಳಿಗೆ ನಿಂತಾಗ ಇರುವುದು ಇಷ್ಟೇ ಎಂದು ಒಂದು ಗಳಿಗೆ ಹಿಗ್ಗಿದೆ. ಅದು ನಾವು ಬದಲಿಸದ ಹೊರತು ಸರ್ವರ್ ಪಾಲಿಸುವ ಮಿತಿ.

ಪ್ರತಿಯಲ್ಲಿ ‘ಗವಿಸಿದ್ದಪ್ಪ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಆ ಪ್ರತಿ ಇರುವ ಎಲ್‌ಡಿಫ್ ಎಂಬ ಪಠ್ಯ ಕಡತದಲ್ಲಿ ಕನ್ನಡ ಹೆಸರುಗಳು ಎರಡು ಕೋಲನ್‌ಗಳ ನಂತರ ಬೇಸ್64 ಎಂಬ ಸಂಕೇತ ರೂಪದಲ್ಲಿರುತ್ತವೆ, ಅಂದರೆ ‘ಗ’ ಎಂಬ ಒಂದು ಅಕ್ಷರ ಅಲ್ಲಿ ‘4ಎಲ್‌ಕೆಎಕ್ಸ್’ ಎಂಬ ನಾಲ್ಕು ಚಿಹ್ನೆಗಳಾಗಿ ಕುಳಿತಿರುತ್ತದೆ. ಬಿಡಿಸಿ ನೋಡಿದ ಮೇಲೆ ಅದೇ ಹೆಸರಿನವರು ಐದು ಮಂದಿ ಸಿಕ್ಕರು. ಗವಿಮಠದ ಊರಿನಲ್ಲಿ ಇದು ಹೆಚ್ಚೇನಲ್ಲ.

ಎರಡನೆಯ ಭಾನುವಾರ

ಯಾವ ಖಾತೆ ನಿಜವಾಗಿ ಹಳೆಯದು ಎಂದು ತೀರ್ಮಾನಿಸುವುದೇ ಇಲ್ಲಿನ ಕಷ್ಟ. ಓಪನ್‌ಎಲ್‌ಡ್ಯಾಪ್‌ನ 2.5ನೆಯ ಆವೃತ್ತಿಯಿಂದ ‘ಲಾಸ್ಟ್‌ಬೈಂಡ್’ ಆನ್ ಮಾಡಿದರೆ ಕೊನೆಯ ಲಾಗಿನ್ ಸಮಯವನ್ನು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ನಾನು ಅದನ್ನು ಸೆಮಿಸ್ಟರ್ ಆರಂಭದಲ್ಲೇ ಆನ್ ಮಾಡಿದ್ದೆ. ಆ ಸಮಯ ದಾಖಲಾಗದ ಖಾತೆಗಳನ್ನೆಲ್ಲ ಅಳಿಸದೆ ‘ಹಳಬರು’ ಎಂಬ ಬೇರೆ ವಿಭಾಗಕ್ಕೆ ಸರಿಸಿದೆ. ಸೋಮವಾರ ಬೆಳಿಗ್ಗೆಯೇ ಗ್ರಂಥಪಾಲಕರ ಫೋನ್ ಬಂತು: “ಸರ್, ವೈಫೈ ಬರವಲ್ದು ನೋಡ್ರಿ.” ಲ್ಯಾಬಿನ ಕಂಪ್ಯೂಟರ್‌ಗಳನ್ನು ಅವರು ಮುಟ್ಟುವುದೇ ಇಲ್ಲ, ವೈಫೈ ಮಾತ್ರ ಬಳಸುತ್ತಾರೆ. ನಮ್ಮ ವೈಫೈಯಲ್ಲಿ ಲಾಗಿನ್ ಪರಿಶೀಲಿಸುವ ಫ್ರೀರೇಡಿಯಸ್ ಸರ್ವರ್ ಪಾಸ್‌ವರ್ಡ್‌ನ ಹ್ಯಾಶ್ (ಗುಟ್ಟಾಗಿಸಿದ ರೂಪ) ಅನ್ನು ಡೈರೆಕ್ಟರಿಯಿಂದ ಓದಿ ತಾನೇ ಹೋಲಿಸುವುದರಿಂದ, ಬಳಕೆದಾರರ ಹೆಸರಿನಲ್ಲಿ ಬೈಂಡ್ (ಡೈರೆಕ್ಟರಿಗೆ ನೇರ ಲಾಗಿನ್) ಆಗುವುದೂ ಇಲ್ಲ, ಸಮಯ ದಾಖಲಾಗುವುದೂ ಇಲ್ಲ. ಪ್ರತಿದಿನ ಬಳಸುವವರೂ ನನ್ನ ಪಟ್ಟಿಯಲ್ಲಿ ಸತ್ತ ಖಾತೆಗಳಾಗಿದ್ದರು. ಅಳಿಸದೆ ಸರಿಸಿದ್ದಕ್ಕೆ ಐದೇ ನಿಮಿಷದಲ್ಲಿ ಅವರನ್ನು ಮರಳಿ ತರಲಾಯಿತು. ಆಮೇಲೆ ರೇಡಿಯಸ್ ಲಾಗ್ ಜೊತೆ ತಾಳೆ ನೋಡಿ ಪಟ್ಟಿಯನ್ನು ಹೊಸದಾಗಿ ಮಾಡಿದೆ.

ಮೂರನೆಯ ಭಾನುವಾರ

ಗುಂಪುಗಳಲ್ಲಿನ ಡಿಎನ್ (ಡೈರೆಕ್ಟರಿಯಲ್ಲಿ ಖಾತೆಯ ಪೂರ್ಣ ವಿಳಾಸ) ಉಲ್ಲೇಖಗಳನ್ನು ಸರ್ವರ್‌ನ ‘ರೆಫಿಂಟ್’ ಎಂಬ ಸೇರ್ಪಡೆ ತಾನೇ ತಿದ್ದಿತು. ಗುಂಪಿನ ಸದಸ್ಯರ ಪಟ್ಟಿಯಾದ ಮೆಂಬರ್‌ಯುಐಡಿಯಲ್ಲಿ ಇರುವುದು ಬರೀ ಹೆಸರಾದ್ದರಿಂದ ಅದನ್ನು ರೆಫಿಂಟ್ ಮುಟ್ಟುವುದಿಲ್ಲ. ಅವನ್ನು ಕೈಯಿಂದಲೇ ತೆಗೆದೆ.

ಇನ್ನು ಯುಐಡಿ, ಅಂದರೆ ಪ್ರತಿ ಬಳಕೆದಾರರಿಗೆ ಕೊಡುವ ಗುರುತಿನ ಸಂಖ್ಯೆಗಳು. ಖಾತೆ ಹೋದರೂ ಕಡತಗಳು ಫೈಲ್ ಸರ್ವರ್‌ನಲ್ಲಿ ಆ ಸಂಖ್ಯೆಯ ಒಡೆತನದಲ್ಲೇ ಉಳಿಯುತ್ತವೆ, ಏಕೆಂದರೆ ಲಿನಕ್ಸ್ ಡಿಸ್ಕ್‌ನಲ್ಲಿ ಬರೆದಿಡುವುದು ಹೆಸರನ್ನಲ್ಲ, ಸಂಖ್ಯೆಯನ್ನು. ತೆರವಾದ ಸಂಖ್ಯೆಯನ್ನು ಹೊಸದಾಗಿ ಸೇರುವ ವಿದ್ಯಾರ್ಥಿನಿಗೆ ಕೊಟ್ಟರೆ ಹಿಂದಿನವನ ಪ್ರಾಜೆಕ್ಟ್ ವರದಿಗಳೆಲ್ಲ ಅವಳ ಪಾಲಾಗುತ್ತವೆ. ಆದ್ದರಿಂದ ಬಳಸಿದ ಸಂಖ್ಯೆಗಳನ್ನು ಮತ್ತೆ ಹಂಚದಂತೆ ಸ್ಕ್ರಿಪ್ಟ್ ತಿದ್ದಿದ್ದೇನೆ.

‘ಹಳಬರು’ ವಿಭಾಗವನ್ನು ಮುಂದಿನ ಸೆಮಿಸ್ಟರ್ ಮುಗಿಯುವವರೆಗೆ ಅಳಿಸುವುದಿಲ್ಲ. ಐವರು ಗವಿಸಿದ್ದಪ್ಪರಲ್ಲಿ ಇಬ್ಬರು ಯಾರೆಂಬುದನ್ನು ಕಚೇರಿಯವರು ದಾಖಲಾತಿ ಪುಸ್ತಕ ನೋಡಿ ಹೇಳಬೇಕಿದೆ.