ಸೋರಿಕೆ ಇರಲಿಲ್ಲ, ಆಮ್ಲಜನಕ ಮಾತ್ರ ಬರುತ್ತಿತ್ತು

ಅಣುತ್ಯಾಜ್ಯ ಹೂಳುವ ಆಳದಲ್ಲಿ ಕಬ್ಬಿಣ ಎಷ್ಟು ಕರಗುತ್ತದೆ ಅಂತ ಬಾಟಲಿಯಲ್ಲಿ ಅಳೆಯುತ್ತಿದ್ದೇನೆ. ಕೊನೆಗೂ ಅದರಲ್ಲಿ ಕಂದು ಬಣ್ಣ ಬರುವುದು ನಿಂತಿತು! ಅದೇ ಕಬ್ಬಿಣ, ಅದೇ ಬೆಂಟೊನೈಟ್ ಜೇಡಿ (ನೀರು ಹೀರಿ ಉಬ್ಬುವ ಮಣ್ಣು), ಅದೇ ಉಪ್ಪುನೀರು. ಬದಲಾಗಿದ್ದು ಟ್ಯೂಬ್ ಮತ್ತು ಬಿರಡೆ ಮಾತ್ರ.

ಅಣುತ್ಯಾಜ್ಯ ಹೂಳುವ ಆಳದಲ್ಲಿ ಆಮ್ಲಜನಕ ಇರುವುದಿಲ್ಲ. ಫಿನ್ಲೆಂಡಿನ ಅಣುತ್ಯಾಜ್ಯ ಭಂಡಾರ ಓಂಕಾಲೋ ಸುಮಾರು 430 ಮೀಟರ್ ಕೆಳಗಿದೆ. ಸುರಂಗ ಮುಚ್ಚುವಾಗ ಸಿಕ್ಕಿಕೊಂಡ ಗಾಳಿಯ ಆಮ್ಲಜನಕವನ್ನು ಖನಿಜ, ಲೋಹ, ಸೂಕ್ಷ್ಮಜೀವಿಗಳು ಸೇರಿ ಮುಗಿಸುತ್ತವೆ. ಆಮೇಲೆ ಕಬ್ಬಿಣವನ್ನು ತಿನ್ನುವುದು ನೀರೇ. ಹೈಡ್ರೋಜನ್ ಹೊರಡುತ್ತದೆ, ಮೇಲೆ ಮ್ಯಾಗ್ನಟೈಟ್ ಅನ್ನುವ ಕಪ್ಪು ಆಕ್ಸೈಡಿನ ಪದರ ಕಟ್ಟುತ್ತದೆ, ಒಂಚೂರು ಕಬ್ಬಿಣ ಫೆರಸ್ ಆಗಿ, ಅಂದರೆ ಕರಗುವ ರೂಪದಲ್ಲಿ, ನೀರಿಗಿಳಿಯುತ್ತದೆ. ನಾನು ಅಳೆಯಬೇಕಿರುವುದು ಆ ಒಂಚೂರನ್ನೇ. ಆಮ್ಲಜನಕ ನುಗ್ಗಿದರೆ ಅದು ಕಂದು ತುಕ್ಕಾಗಿ ತಳಕ್ಕೆ ಕೂರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಈ ತುಕ್ಕಾಗುವ ವೇಗ ಸುಮಾರು 100 ಪಟ್ಟು ಜಾಸ್ತಿ. ನನ್ನ ಜೇಡಿನೀರು 8ರ ಹತ್ತಿರ ಇದೆ, ಅಂದರೆ ಉಸಿರಾಡುವಷ್ಟೂ ಪುರುಸೊತ್ತಿಲ್ಲ.

ನೈಟ್ರೋಜನ್ ಹಾಯಿಸಿದೆ. ಬಿರಡೆ ಬಿಗಿ ಮಾಡಿದೆ. ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಬರಲಿಲ್ಲ. ಆದರೂ ಮತ್ತೆ ಕಂದು! ತಲೆ ಕೆಟ್ಟುಹೋಗಿತ್ತು. ಕಳ್ಳ ಸಿಕ್ಕಿದ್ದು ಸಿಲಿಕೋನ್ ಟ್ಯೂಬಿನಲ್ಲಿ. ಅದರಲ್ಲಿ ತೂತಿಲ್ಲ. ಆಮ್ಲಜನಕ ಆ ರಬ್ಬರಿನಲ್ಲೇ ಕರಗಿ, ಗೋಡೆ ದಾಟಿ ಒಳಗೆ ಬರುತ್ತದೆ. ಒಳಗಿನ ನೈಟ್ರೋಜನ್ ಒತ್ತಡ ಏರಿಸಿದರೂ ಉಪಯೋಗವಿಲ್ಲ. ಹೊರಗೆ ಆಮ್ಲಜನಕ ಜಾಸ್ತಿ, ಒಳಗೆ ಇಲ್ಲವೇ ಇಲ್ಲ, ಅದಕ್ಕೆ ಅಷ್ಟು ಸಾಕು. ಈಗ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಆಮ್ಲಜನಕ ಸುಲಭಕ್ಕೆ ದಾಟದ ಬ್ಯುಟೈಲ್ ರಬ್ಬರ್ ಬಿರಡೆ ಹಾಕಿದ್ದೇನೆ. ತೆಗೆದ ಸ್ಯಾಂಪಲ್ಲನ್ನು ತಕ್ಷಣ ಸೋಸಿ, ಆಸಿಡ್ ಹಾಕಿಟ್ಟೆ. ಫೆರಸ್ ಇದ್ದರೆ ನೇರಳೆಯಾಗುವ ಫೆರೋಜಿನ್ ಸೇರಿಸಿದಾಗ ತಿಳಿ ನೇರಳೆ ಬಂತು ನೋಡಿ, ಕುಣಿದಾಡುವಷ್ಟು ಖುಷಿಯಾಯಿತು.

ಬೆಂಟೊನೈಟ್ ಮಾರಿದವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಸೋಡಿಯಂ ಬಗೆಯದ್ದೋ ಕ್ಯಾಲ್ಸಿಯಂ ಬಗೆಯದ್ದೋ ಅಂತ ಚೀಲದ ಮೇಲಿಲ್ಲ. ಕೇಳಿದರೆ "ಒಳ್ಳೇ ಕ್ವಾಲಿಟಿ" ಅನ್ನುತ್ತಾರೆ. ಹಾಗಂದರೆ ಸಾಲದು ಅಲ್ವಾ? ಜೇಡಿ ತನ್ನ ಸೋಡಿಯಂ ಬಿಟ್ಟುಕೊಟ್ಟು ಫೆರಸ್ ಹಿಡಿದುಕೊಳ್ಳುತ್ತದೆ. ಆಗ ನೀರಿನಲ್ಲಿ ಸಿಗುವ ಲೆಕ್ಕ ಕರಗಿದ್ದಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ಜೇಡಿ ಇಲ್ಲದ ಜೋಡಿ ಬಾಟಲಿಯೊಂದು ಪಕ್ಕದಲ್ಲೇ ಓಡುತ್ತಿದೆ.

ಅಂದಹಾಗೆ, ಮುಂದಿನದು ತಾಮ್ರ! ಸ್ವೀಡನ್-ಫಿನ್ಲೆಂಡ್ ವಿನ್ಯಾಸದ ಅಣುತ್ಯಾಜ್ಯದ ಡಬ್ಬಿಯಲ್ಲಿ ಎರಕದ ಕಬ್ಬಿಣದ ಹೊರಗೆ 5 ಸೆಂಟಿಮೀಟರ್ ತಾಮ್ರದ ಕವಚವಿದೆ. ಅಲ್ಲಿ ಚಿಂತೆ ಸಲ್ಫೈಡಿನದು. ಸೂಕ್ಷ್ಮಜೀವಿಗಳು ಸಲ್ಫೇಟಿನಿಂದ ಸಲ್ಫೈಡ್ ಮಾಡುತ್ತವೆ, ಅದು ತಾಮ್ರವನ್ನು ಕಪ್ಪು ತಾಮ್ರ ಸಲ್ಫೈಡ್ ಮಾಡುತ್ತದೆ. ಬೆಂಟೊನೈಟನ್ನು ಒತ್ತಿ ಗಟ್ಟಿ ಮಾಡಿದಷ್ಟೂ ಆ ಜೀವಿಗಳಿಗೆ ಜಾಗ ಸಾಲುವುದಿಲ್ಲ. ನನಗೆ ನೋಡಬೇಕಿರುವುದು ಅದನ್ನೇ. ಹೈಡ್ರೋಜನ್ ಸಲ್ಫೈಡ್ ವಿಷ, ಆದ್ದರಿಂದ ವಿಷಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಸಿಗುವ ತನಕ ಬಾಟಲಿ ಮುಟ್ಟುವುದಿಲ್ಲ. ಅಲ್ಲಿವರೆಗೆ ಜೇಡಿ ಒತ್ತುವ ಅಚ್ಚು ತಯಾರಾಗಲಿ.