ಪ್ರೊಪೆಲ್ಲರ್ ಫೈಟರ್‌ಗಳು ಎಷ್ಟು ಎತ್ತರಕ್ಕೆ ಹೋಗ್ತಿದ್ವು?

ಎರಡನೇ ಮಹಾಯುದ್ಧದ ವಿಮಾನಗಳ ಬಗ್ಗೆ ಎಲ್ಲೇ ಓದಿದ್ರೂ ಸರ್ವಿಸ್ ಸೀಲಿಂಗ್ ಅಂತ ಒಂದು ನಂಬರ್ ಕೊಟ್ಟಿರ್ತಾರೆ, 11,000 ಮೀಟರ್, 12,000 ಮೀಟರ್ ಅಂತೆಲ್ಲ. ಅಷ್ಟೆತ್ತರದಲ್ಲಿ ಅವು ಆರಾಮಾಗಿ ಹೊಡೆದಾಡ್ತಿದ್ವು ಅಂತ ಅಲ್ಲ. ನಿಮಿಷಕ್ಕೆ 100 ಅಡಿ ಏರೋಷ್ಟು ಶಕ್ತಿ ಮಾತ್ರ ಉಳಿದಿರೋ ಎತ್ತರ ಅದು, ಅಲ್ಲಿ ಜೋರಾಗಿ ತಿರುಗಿಸಿದ್ರೆ ಕಷ್ಟಪಟ್ಟು ಏರಿದ ಎತ್ತರ ಎಲ್ಲ ಕೈಬಿಟ್ಟು ಹೋಗತ್ತೆ. ನನ್ನ ಪ್ರಕಾರ ಆ ನಂಬರ್‌ಗಿಂತ ಮುಖ್ಯವಾದ ಪ್ರಶ್ನೆ, ಎಷ್ಟು ಎತ್ತರದಲ್ಲಿ ಇವು ಯುದ್ಧ ಮಾಡೋಕೆ ಆಗ್ತಿತ್ತು ಅನ್ನೋದು.

ಎಲ್ಲ ತೊಂದರೆಗೂ ಮೂಲ ಗಾಳಿನೇ. 5,500 ಮೀಟರ್ ಹತ್ರ ಗಾಳಿ ಒತ್ತಡ ನೆಲದಲ್ಲಿರೋದರ ಅರ್ಧ ಆಗತ್ತೆ, 12,000ಕ್ಕೆ ಹೋದ್ರೆ ಹೆಚ್ಚು ಕಮ್ಮಿ ಐದನೇ ಒಂದು ಭಾಗ. ಎಂಜಿನ್‌ಗೆ ಉಸಿರಾಡೋಕೆ ಗಾಳಿ ಬೇಕು, ರೆಕ್ಕೆಗೆ ಬೇಕು, ಪ್ರೊಪೆಲ್ಲರ್ ಹಿಂದಕ್ಕೆ ತಳ್ಳೋದೂ ಗಾಳಿಯನ್ನೇ, ಇನ್ನು ಒಳಗೆ ಕೂತಿರೋ ಪೈಲಟ್ ಮನುಷ್ಯ ತಾನೇ. ಅದಕ್ಕೇ ಸೂಪರ್‌ಚಾರ್ಜರ್ ಅನ್ನೋದು ಇಲ್ಲಿ ಪ್ರಾಣ ಇದ್ದ ಹಾಗೆ, ತೆಳು ಗಾಳಿನ ಒತ್ತಿ ಒತ್ತಿ ಎಂಜಿನ್ ಒಳಗೆ ತುಂಬತ್ತೆ. ಒತ್ತಿದ ಗಾಳಿ ಬಿಸಿಯಾಗತ್ತೆ, ಅದನ್ನ ತಣ್ಣಗೆ ಮಾಡೋಕೆ ಇಂಟರ್‌ಕೂಲರ್ ಬೇಕು, ಅದರಿಂದ ತೂಕ ಜಾಸ್ತಿ. ಅಮೆರಿಕದ ಪಿ-39 ಫೈಟರ್‌ನಲ್ಲಿ ಮೊದಲು ಟರ್ಬೊ (ಎಂಜಿನ್ ಹೊರಬಿಡೋ ಬಿಸಿ ಹೊಗೆಯ ಬಲದಿಂದ ತಿರುಗೋ ಸೂಪರ್‌ಚಾರ್ಜರ್) ಇತ್ತು, ಆಮೇಲೆ ತೆಗೆದುಬಿಟ್ರು, 4,500 ಮೀಟರ್ ದಾಟಿದ ಮೇಲೆ ಅದಕ್ಕೆ ಏದುಸಿರು. ಅದೇ ವಿಮಾನನ ಸೋವಿಯತ್ ಪೈಲಟ್‌ಗಳು ತುಂಬಾ ಮೆಚ್ಚಿಕೊಂಡ್ರು, ಯಾಕಂದ್ರೆ ಅಲ್ಲಿ ಕಾಳಗ ನಡೀತಿದ್ದಿದ್ದೇ ಕೆಳಗೆ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ಓದಬೇಕು ಅನ್ಸೋದು 1942ರ ಸೆಪ್ಟೆಂಬರ್ 12ರ ಘಟನೆ. ಜರ್ಮನಿಯ ಯುಂಕರ್ಸ್ 86ಆರ್ ಅನ್ನೋ ಬಾಂಬರ್‌ಗೆ ಟರ್ಬೊ ಇರೋ ಎರಡು ಡೀಸೆಲ್ ಎಂಜಿನ್, ಉದ್ದನೆ ರೆಕ್ಕೆ, ಇಬ್ಬರಿಗೆ ಮಾತ್ರ ಪ್ರೆಶರ್ ಕ್ಯಾಬಿನ್, ಅಂದ್ರೆ ಒಳಗೆ ಗಾಳಿ ಒತ್ತಡ ಉಳಿಸಿಕೊಳ್ಳೋ ಮುಚ್ಚಿದ ಕೋಣೆ. ಅದು ಇಂಗ್ಲೆಂಡ್ ಮೇಲೆ ಯಾರ ಕೈಗೂ ಸಿಗದ ಹಾಗೆ ಹಾರಿ ಬಾಂಬ್ ಹಾಕ್ತಿತ್ತು, ಒಂದೇ ಬಾಂಬ್ ಒಯ್ತಿದ್ರೂ ಆಗಸ್ಟ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಎಷ್ಟೋ ಜನ ಸತ್ತಿದ್ರು. ಬ್ರಿಟಿಷರು ತಮ್ಮ ಒಂದು ಸ್ಪಿಟ್‌ಫೈರ್ 9 ಫೈಟರ್ ತಗೊಂಡು ರಕ್ಷಾಕವಚ ತೆಗೆದ್ರು, ಮಷೀನ್ ಗನ್‌ಗಳನ್ನ ತೆಗೆದ್ರು, ರೆಕ್ಕೆಗೊಂದರಂತೆ ಎರಡು ಕ್ಯಾನನ್ (ದೊಡ್ಡ ಗುಂಡು ಹಾರಿಸೋ ಗನ್) ಮಾತ್ರ ಉಳಿಸಿದ್ರು. ಅದರಲ್ಲಿದ್ದ ಮರ್ಲಿನ್ ಎಂಜಿನ್‌ಗೆ ಎರಡು ಹಂತದ ಸೂಪರ್‌ಚಾರ್ಜರ್. ಪೈಲಟ್ ಇಮ್ಯಾನುಯೆಲ್ ಗಲಿಟ್ಜಿನ್‌ಗೆ ಪ್ರೆಶರ್ ಕ್ಯಾಬಿನ್ ಇಲ್ಲ, ಆಕ್ಸಿಜನ್ ಮಾಸ್ಕ್ ಅಷ್ಟೇ, ಹಾಗೇ ಸೌತಾಂಪ್ಟನ್ ಹತ್ರ ಸುಮಾರು 13,000 ಮೀಟರ್ ಎತ್ತರದಲ್ಲಿ ಹೋಗಿ ಅದನ್ನ ಹಿಡಿದ್ರು. ಸಣ್ಣದಾಗಿ ಒಂದು ಸಲ ಗುಂಡು ಹಾರಿಸ್ತಿದ್ದಂಗೆ ಎಡಗಡೆ ಕ್ಯಾನನ್ ಕೆಟ್ಟು ನಿಂತುಹೋಯ್ತು. ಆಮೇಲೆ ಬಲಗಡೆದು ಒಂದೇ ಹಾರಿಸಿದಾಗೆಲ್ಲ ಅದರ ಹಿಂದೊದೆತಕ್ಕೆ ವಿಮಾನ ಪಕ್ಕಕ್ಕೆ ತಿರುಗಿ, ವೇಗ ಕಳ್ಕೊಂಡು ಕೆಳಗೆ ಜಾರತ್ತೆ, ಕೆಳಗಿನ ಎತ್ತರದಲ್ಲಾದ್ರೆ ಸುಲಭವಾಗಿ ಸರಿ ಮಾಡ್ಕೋಬಹುದಿತ್ತು, ಅಲ್ಲಿ ಹಿಡಿತಕ್ಕೆ ಗಾಳಿನೇ ಇಲ್ಲವಲ್ಲ. ಯುಂಕರ್ಸ್ ರೆಕ್ಕೆಯಲ್ಲಿ ಒಂದು ತೂತು ಮಾಡಿಸ್ಕೊಂಡು ತಪ್ಪಿಸ್ಕೊಳ್ತು. ಆ ಯುದ್ಧದಲ್ಲೇ ಅತಿ ಎತ್ತರದ ಕಾಳಗ ಇದು ಅಂತಾರೆ. ವಿಮಾನ ಬೀಳದೇ ಇದ್ರೂ ಗೆದ್ದಿದ್ದು ಗಲಿಟ್ಜಿನ್ನೇ ಅಂತ ನಾನು ಹೇಳ್ತೀನಿ, ಯಾಕಂದ್ರೆ ಅಷ್ಟೆತ್ತರದಲ್ಲೂ ಸಿಕ್ಕಿಹಾಕ್ಕೋತೀವಿ ಅಂತ ಗೊತ್ತಾದ ಮೇಲೆ ಇಂಗ್ಲೆಂಡ್ ಮೇಲೆ ಆ ದಾಳಿಗಳು ನಿಂತೇ ಹೋದ್ವು.

ಬರೀ ಎತ್ತರ ಮಾತ್ರ ಲೆಕ್ಕ ಅಂದ್ರೆ ಇಟಲಿಯ ಮಾರಿಯೊ ಪೆಝಿ 1938ರಲ್ಲೇ ಕಪ್ರೋನಿ ಬೈಪ್ಲೇನ್‌ನಲ್ಲಿ 17,083 ಮೀಟರ್ ಮುಟ್ಟಿದ್ರು, ಪ್ರೆಶರ್ ಸೂಟ್ ಹಾಕ್ಕೊಂಡು. ಆದ್ರೆ ಅದು ದಾಖಲೆಗಂತಲೇ ಮಾಡಿದ ವಿಮಾನ. 1952ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಹಾರಿದ ಟೆಡ್ ಪೌಲ್ಸ್ ತಮ್ಮ ಸ್ಪಿಟ್‌ಫೈರ್ 19ನ 51,550 ಅಡಿಗೆ ಏರಿಸಿದ್ರು, ಅಂದ್ರೆ 15,700 ಮೀಟರ್. ಅದೂ ಫೋಟೊ ತೆಗೆಯೋ ವಿಮಾನ, ಗನ್ ಇಲ್ಲ. ಗನ್ನು ಗುಂಡು ಎಲ್ಲ ಹೊತ್ತು, ಗುರಿ ಇಟ್ಟು ಹೊಡೆಯೋ ಕೆಲಸಕ್ಕೆ ಬಂದ್ರೆ ಪಿಸ್ಟನ್ ಎಂಜಿನ್‌ಗಳ ಮಿತಿ ಆ 13,000 ಮೀಟರ್ ಆಸುಪಾಸೇ ಅಂತ ನನ್ನ ಲೆಕ್ಕ.