ಕಾಂಟೆಸಾದ ಹಿಂದಿನ ಸ್ಪ್ರಿಂಗ್: ಎರಡು ಸಲ ಭಾಗಿಸಬೇಕಾದಲ್ಲಿ ಒಂದೇ ಸಲ ಭಾಗಿಸಿದೆ

ಹಿಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಶಿರಸಿಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ತಂದೆಯವರ ಕಾಲದ ಕಾಂಟೆಸಾ ಕಾರನ್ನು ಕಾರವಾರದ ನಮ್ಮ ಗ್ಯಾರೇಜಿಗೆ ತಂದರು. ಬಣ್ಣ, ಸೀಟು, ಇಸುಜು ಎಂಜಿನ್ ಎಲ್ಲವೂ ಚೊಕ್ಕವಾಗಿದ್ದವು. ಆದರೆ ಕಾರು ಹಿಂದುಗಡೆ ಕುಸಿದು ನಿಂತಿತ್ತು. ಕೆಳಗೆ ಬಗ್ಗಿ ನೋಡಿದಾಗ ಕಾಂಟೆಸಾದ ಹಿಂದಿನ ಇಡೀ ಆಕ್ಸೆಲ್ ಅಲ್ಲಿರಲೇ ಇಲ್ಲ. ಬೇರೆ ಊರಿನ ಗ್ಯಾರೇಜೊಂದರಲ್ಲಿ ಅದನ್ನು ತೆಗೆದು, ಗುಜರಿಗೆ ಹೋಗಿದ್ದ ಮರ್ಸಿಡಿಸ್ ಡಬ್ಲ್ಯೂ124 ಕಾರಿನ ಹಿಂದಿನ ಸಬ್‌ಫ್ರೇಮನ್ನು (ದೇಹದ ಕೆಳಗೆ ಕೂರುವ ಉಕ್ಕಿನ ಚೌಕಟ್ಟು) ಡಿಫರೆನ್ಶಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ), ಚಕ್ರ ಹಿಡಿಯುವ ತೋಳುಗಳು ಮತ್ತು ಬ್ರೇಕುಗಳ ಸಮೇತ ಕೂರಿಸಿದ್ದರು. ಬೆಸುಗೆ ಅಚ್ಚುಕಟ್ಟಾಗಿತ್ತು, ಅಳತೆಯೂ ಸರಿಯಾಗಿತ್ತು. ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ತಕರಾರಿದೆ ಎಂಬುದನ್ನು ನಾನು ಮೊದಲೇ ಹೇಳಿದೆ. ಅದು ಅವರ ಮತ್ತು ಸಾರಿಗೆ ಕಚೇರಿಯ ನಡುವಿನ ವಿಷಯ. ನನ್ನ ಪಾಲಿಗೆ ಬಂದದ್ದು ಸ್ಪ್ರಿಂಗ್.

"ಹಿಂದೆ ಬಾಳ ಕೂರ್ತದೆ ಮಾರಾಯ್ರೆ, ಒಂದು ಗಟ್ಟಿ ಸ್ಪ್ರಿಂಗ್ ಹಾಕಿಬಿಡಿ" ಎಂದು ಅವರು ಹೇಳಿದರು. ಗಟ್ಟಿ ಎಂಬ ಈ ಒಂದು ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿರುತ್ತವೆ. ಕಾರು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದು ಒಂದು. ಅದರ ಮೇಲೆ ಇನ್ನಷ್ಟು ಭಾರ ಬಿದ್ದರೆ ಎಷ್ಟು ಕುಗ್ಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಉದ್ದದಿಂದ ಸರಿಪಡಿಸಬಹುದು, ಎರಡನೆಯದನ್ನು ಸ್ಪ್ರಿಂಗಿನ ಬಿಗಿಯಿಂದ, ಅಂದರೆ ಅದು ಒಂದು ಮಿಲಿಮೀಟರ್ ಕುಗ್ಗಲು ಎಷ್ಟು ಭಾರ ಬೇಕು ಎಂಬುದರಿಂದ ಮಾತ್ರ ಸರಿಪಡಿಸಲು ಸಾಧ್ಯ. ಇದು ನನಗೆ ಗೊತ್ತಿದ್ದ ವಿಷಯವೇ ಆಗಿತ್ತು. ಆದರೂ ಮುಂದೆ ನಾನು ಎಡವಿದ್ದು ಇಲ್ಲಿಯೇ.

ಒಳಗಿದ್ದ ಸ್ಪ್ರಿಂಗುಗಳು ಮರ್ಸಿಡಿಸ್‌ನವೇ ಆಗಿದ್ದವು. ಮರ್ಸಿಡಿಸ್ ಕಾಂಟೆಸಾಕ್ಕಿಂತ ಭಾರದ ಕಾರಾದ್ದರಿಂದ ಅವನ್ನು ಹಾಗೆಯೇ ಹಾಕಿದಾಗ ಹಿಂಭಾಗ ಎತ್ತಿಕೊಂಡಿರಬೇಕು; ಅದನ್ನು ಇಳಿಸಲು ಯಾರೋ ಕಟಿಂಗ್ ಮಷಿನ್ನಿನಿಂದ ಒಂದೂವರೆ ಸುತ್ತನ್ನು ಕತ್ತರಿಸಿದ್ದರು. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕಡಿದರೆ ಉಳಿದ ಐದು ಸುತ್ತಿನ ಸ್ಪ್ರಿಂಗು ಮೊದಲಿಗಿಂತ ಶೇಕಡಾ 20ರಷ್ಟು ಬಿಗಿಯಾಗುತ್ತದೆ, ಜೊತೆಗೆ ಗಿಡ್ಡವೂ ಆಗುತ್ತದೆ. ಅಂದರೆ ಕಾರು ತಗ್ಗುತ್ತದೆ, ಆದರೆ ಮೆತ್ತಗಾಗುವುದಿಲ್ಲ. ಜ್ಯಾಕ್ ಏರಿಸಿ ಚಕ್ರ ಜೋತುಬಿದ್ದ ಕೂಡಲೇ ಆ ಸ್ಪ್ರಿಂಗು ತನ್ನ ತುದಿ ಕೂರುವ ಬಟ್ಟಲಿನಲ್ಲಿ ಸಡಿಲವಾಗಿ ಕೈಯಿಂದ ತಿರುಗುತ್ತಿತ್ತು. ರಸ್ತೆಯ ಗುಂಡಿಯಲ್ಲಿ ಹೀಗಾದರೆ ಅದು ತನ್ನ ಜಾಗ ಬಿಟ್ಟು ಕೂರುತ್ತದೆ. ಕಡಿದ ತುದಿಯಲ್ಲಿ ಬಣ್ಣ ಹೋಗಿ, ನಮ್ಮ ಸಮುದ್ರದ ಗಾಳಿಗೆ ಆಗಲೇ ತುಕ್ಕಿನ ಸಣ್ಣ ಗುಳಿಗಳು ಎದ್ದಿದ್ದವು. ಸ್ಪ್ರಿಂಗ್ ಸರಿಗೆ ಬಿರುಕು ಬಿಡಲು ಶುರುವಾಗುವುದು ಇಂಥ ಗುಳಿಗಳಿಂದಲೇ. ಅವನ್ನು ಉಳಿಸಿಕೊಳ್ಳುವ ಮಾತೇ ಇರಲಿಲ್ಲ.

ಹೊಸ ಸ್ಪ್ರಿಂಗಿಗೆ ಕಾಂಟೆಸಾದ ಲೆಕ್ಕವೂ ಮರ್ಸಿಡಿಸ್‌ನ ಲೆಕ್ಕವೂ ಹೊಂದುವುದಿಲ್ಲ. ಭಾರ ಒಂದು ಕಾರಿನದು, ತೋಳುಗಳ ಜೋಡಣೆ ಇನ್ನೊಂದರದು. ಆದ್ದರಿಂದ ಎದುರಿಗೆ ನಿಂತಿರುವ ಕಾರನ್ನೇ ಅಳೆಯಬೇಕಾಗಿತ್ತು. ಲಾರಿಗಳ ವೇ ಬ್ರಿಜ್ಜಿನಲ್ಲಿ ಒಂದೊಂದು ಚಕ್ರದ ತೂಕ ನಂಬುವಷ್ಟು ನಿಖರವಾಗಿ ಸಿಗುವುದಿಲ್ಲ. ಮಾಲೀಕರು ತಮ್ಮ ಪರಿಚಯದ ಅಡಿಕೆ ವಖಾರಿಯಿಂದ ಎರಡು ತೂಕದ ಯಂತ್ರಗಳನ್ನು ತರಿಸಿದರು. ಒಂದೊಂದೂ 500 ಕಿಲೋ ತೂಗುವಂಥದ್ದು. ಅವನ್ನು ಹಿಂದಿನ ಎರಡು ಚಕ್ರಗಳ ಕೆಳಗಿಟ್ಟು, ಮುಂದಿನ ಚಕ್ರಗಳ ಕೆಳಗೆ ಅಷ್ಟೇ ದಪ್ಪದ ಹಲಗೆಗಳನ್ನು ಕೊಟ್ಟು, ಟ್ಯಾಂಕು ತುಂಬಿಸಿ, ಚಾಲಕನ ಸೀಟಿನಲ್ಲಿ ಮಾಲೀಕರನ್ನೇ ಕೂರಿಸಿ ತೂಗಿದೆವು. ಎಡಕ್ಕೆ 286, ಬಲಕ್ಕೆ 294 ಕಿಲೋ ಬಂತು, ಸರಾಸರಿ 290. ಇದರಲ್ಲಿ ಚಕ್ರ, ಬ್ರೇಕು, ಹಬ್ಬು, ತೋಳುಗಳ ಮತ್ತು ಡ್ರೈವ್ ಶಾಫ್ಟಿನ ಅರ್ಧ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಅದಕ್ಕೆ 40 ಕಿಲೋ ಕಳೆದರೆ ಸ್ಪ್ರಿಂಗು ಹೊರಬೇಕಾದ ದೇಹದ ಭಾರ ಒಂದೊಂದು ಬದಿಗೆ 250 ಕಿಲೋ. ಹಳೆಯ ಜೋಡಣೆಯಲ್ಲಿ ಡಿಫರೆನ್ಶಿಯಲ್ ಆಕ್ಸೆಲ್‌ನೊಂದಿಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಈಗ ಅದು ಸಬ್‌ಫ್ರೇಮಿನ ಮೂಲಕ ದೇಹಕ್ಕೆ ತೂಗಿಕೊಂಡಿರುವುದರಿಂದ ಅದರ ಭಾರವೂ ಸ್ಪ್ರಿಂಗಿನ ಪಾಲಿಗೆ ಸೇರಿದೆ. ಹಳೆಯ ಕಾಂಟೆಸಾ ಸ್ಪ್ರಿಂಗಿನ ಅಂಕಿಗಳನ್ನು ಇಲ್ಲಿ ಬಳಸಬಾರದು ಎನ್ನಲು ಇದೊಂದೇ ಕಾರಣ ಸಾಕು.

ಆಮೇಲೆ ಸ್ಪ್ರಿಂಗ್ ತೆಗೆದು, ಹಬ್ಬಿನ ಕೆಳಗೆ ಜ್ಯಾಕ್ ಕೊಟ್ಟು, ಚಕ್ರವನ್ನು 50 ಮಿಲಿಮೀಟರ್ ಎತ್ತಿದಾಗ ಸ್ಪ್ರಿಂಗಿನ ಮೇಲಿನ ಮತ್ತು ಕೆಳಗಿನ ಬಟ್ಟಲುಗಳ ನಡುವಿನ ಅಂತರ ಎಷ್ಟು ಕಡಿಮೆಯಾಗುತ್ತದೆ ಎಂದು ಸ್ಟೀಲ್ ಸ್ಕೇಲಿನಲ್ಲಿ ಅಳೆದೆವು. ನಮ್ಮ ಹುಡುಗ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮೂರು ಸಲ ಓದಿದ: 35. ಡಬ್ಲ್ಯೂ124ರಲ್ಲಿ ಸ್ಪ್ರಿಂಗು ಕೂರುವುದು ಕೆಳತೋಳಿನ ಮೇಲೆ, ಚಕ್ರಕ್ಕಿಂತ ಒಳಗೆ. ಹಾಗಾಗಿ ಚಕ್ರ ಒಂದು ಮಿಲಿಮೀಟರ್ ಏರಿದರೆ ಸ್ಪ್ರಿಂಗು ಕುಗ್ಗುವುದು 0.7 ಮಿಲಿಮೀಟರ್ ಮಾತ್ರ. ಕಾರು ಬೇಕಾದ ಎತ್ತರದಲ್ಲಿ ನಿಂತಾಗ ಬಟ್ಟಲುಗಳ ನಡುವೆ 215 ಮಿಲಿಮೀಟರ್ ಇರುತ್ತದೆ ಎಂಬುದನ್ನೂ, ಅಲ್ಲಿಂದ, ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಮುಟ್ಟುವ ಮುನ್ನ ಚಕ್ರಕ್ಕೆ 70 ಮಿಲಿಮೀಟರ್ ಏರಲು ಜಾಗವಿದೆ ಎಂಬುದನ್ನೂ ಬರೆದಿಟ್ಟುಕೊಂಡೆ.

ಕಾರಿನ ದೇಹ ಸ್ಪ್ರಿಂಗಿನ ಮೇಲೆ ತಾನಾಗಿ ತೂಗುವುದಕ್ಕೆ ಒಂದು ಲಯವಿರುತ್ತದೆ. ಪ್ರಯಾಣಿಕರ ಕಾರುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 90 ಸಲ. ಹಿಂಭಾಗದ ಲಯ ಮುಂಭಾಗಕ್ಕಿಂತ ತುಸು ಚುರುಕಾಗಿರಬೇಕು ಎಂಬುದನ್ನು 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮೋರಿಸ್ ಓಲಿ ತೋರಿಸಿಕೊಟ್ಟರು. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾಂಟೆಸಾದಷ್ಟು ಉದ್ದದ ಕಾರಿನ ಹಿಂದಿನ ಚಕ್ರ ಅದೇ ಉಬ್ಬಿಗೆ ಬರುವುದು ಸುಮಾರು 0.16 ಸೆಕೆಂಡು ತಡವಾಗಿ. ತಡವಾಗಿ ಶುರುವಾದ ಹಿಂಭಾಗ ಬೇಗ ತೂಗಿದರೆ ಮುಂಭಾಗವನ್ನು ಹಿಡಿದುಬಿಡುತ್ತದೆ, ಕಾರು ಮಟ್ಟವಾಗಿ ಏರಿಳಿಯುತ್ತದೆ. ನಿಧಾನವಾಗಿ ತೂಗಿದರೆ ಕಾರು ದೋಣಿಯಂತೆ ಮೂತಿ ಎತ್ತಿ ಬಾಲ ಇಳಿಸುತ್ತದೆ. ಈ ಕಾರಿನ ಮುಂಭಾಗದ ಲೆಕ್ಕ ನಿಮಿಷಕ್ಕೆ 78 ಎಂದು ಬಂದಿತ್ತು. ಹಿಂದಕ್ಕೆ 90 ಎಂದು ನಿರ್ಧರಿಸಿದೆ. ಅಷ್ಟು ಲಯಕ್ಕೆ ನಿಂತ ಭಾರದಲ್ಲಿ ಚಕ್ರದ ಲೆಕ್ಕದ ಕುಗ್ಗುವಿಕೆ 110 ಮಿಲಿಮೀಟರ್ ಇರಬೇಕು. 250 ಕಿಲೋವನ್ನು 110ರಿಂದ ಭಾಗಿಸಿದರೆ ಚಕ್ರದ ಹತ್ತಿರ ಬೇಕಾದ ಬಿಗಿ ಮಿಲಿಮೀಟರಿಗೆ 2.27 ಕಿಲೋ.

ಇನ್ನು ಚಕ್ರದ ಬಿಗಿಯನ್ನು ಸ್ಪ್ರಿಂಗಿನ ಬಿಗಿಗೆ ತಿರುಗಿಸಬೇಕು. ಸಂಜೆ ಗ್ಯಾರೇಜು ಮುಚ್ಚುವ ಹೊತ್ತಿಗೆ, ಬೆಳಗಾವಿಯ ಉದ್ಯಮಬಾಗದಲ್ಲಿ ಸ್ಪ್ರಿಂಗ್ ಸುತ್ತಿಕೊಡುವವರಿಗೆ ಅಳತೆ ಕಳಿಸುವ ಅವಸರದಲ್ಲಿ, ನಾನು 2.27ನ್ನು 0.7ರಿಂದ ಭಾಗಿಸಿ 3.24 ಎಂದು ಬರೆದೆ. ಭಾರದ ಲೆಕ್ಕವನ್ನೂ ಹಾಗೆಯೇ ಮಾಡಿದೆ: 250ನ್ನು 0.7ರಿಂದ ಭಾಗಿಸಿದರೆ ಸ್ಪ್ರಿಂಗಿನ ಮೇಲೆ ಬೀಳುವ ಭಾರ 357 ಕಿಲೋ, ಅದಕ್ಕೆ 3.24ರ ಸ್ಪ್ರಿಂಗು 110 ಮಿಲಿಮೀಟರ್ ಕುಗ್ಗುತ್ತದೆ. 215ಕ್ಕೆ 110 ಕೂಡಿಸಿದರೆ ಭಾರವಿಲ್ಲದಾಗಿನ ಬಿಡಿ ಉದ್ದ 325. ಎರಡು ವಾರದಲ್ಲಿ ಸ್ಪ್ರಿಂಗುಗಳು ಬಂದವು, ಕೂರಿಸಿದೆವು, ಕಾರನ್ನು ಕೆಳಗಿಳಿಸಿದೆವು. ಎತ್ತರ ನಾನು ಬರೆದಿಟ್ಟ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು. ಊರೊಳಗೆ ಓಡಿಸಿದಾಗ ಹೂವಿನಂತೆ ಹೋಯಿತು. ಬಿಲ್ಲು ಬರೆದು, ಹಣ ಪಡೆದು, ಚಹಾ ಕುಡಿಸಿ ಕಳಿಸಿದೆ.

ಹತ್ತು ದಿನಕ್ಕೆ ಫೋನು ಬಂತು. ಮನೆಮಂದಿಯನ್ನು ಕೂರಿಸಿಕೊಂಡು, ಡಿಕ್ಕಿ ತುಂಬಿಕೊಂಡು ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಒಂದೊಂದು ತಿರುವಿನಲ್ಲೂ ಹಿಂದೆ ಧಡ್ ಧಡ್ ಎಂದು ಬಡಿಯಿತಂತೆ. ಹೆದ್ದಾರಿಯಲ್ಲಿ ಅಂಕೋಲೆ ದಾಟಿದಾಗಿನಿಂದಲೇ ಹಿಂದೆ ಕೂತಿದ್ದ ಅವರ ತಾಯಿಗೆ ತಲೆ ಸುತ್ತು ಬಂದಂತಾಗಿತ್ತಂತೆ. ನಾನು ಮೊದಲು ಸ್ಪ್ರಿಂಗ್ ಸುತ್ತಿದವರನ್ನೇ ಅನುಮಾನಿಸಿದೆ. ಹೇಳಿದ್ದಕ್ಕಿಂತ ತೆಳುವಾದ ಸರಿಗೆ ಹಾಕಿರಬಹುದು ಎಂದುಕೊಂಡೆ. ಸರಿಗೆಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬಿಗಿ ಬದಲಾಗುವುದರಿಂದ 13 ಮಿಲಿಮೀಟರಿನ ಜಾಗದಲ್ಲಿ 12 ಹಾಕಿದರೆ ಕಾಲು ಭಾಗಕ್ಕಿಂತ ಹೆಚ್ಚು ಬಿಗಿ ಹೋಗುತ್ತದೆ. ಕಾರು ಮರಳಿ ಬಂದಾಗ ಸ್ಪ್ರಿಂಗ್ ತೆಗೆದು ವರ್ನಿಯರ್ ಹಿಡಿದು ನೋಡಿದೆ. ಅವರ ಕೆಲಸ ನಾನು ಬರೆದುಕೊಟ್ಟಂತೆಯೇ ಇತ್ತು. ತಪ್ಪು ನನ್ನ ಚೀಟಿಯಲ್ಲಿತ್ತು.

ಚಕ್ರಕ್ಕೂ ಸ್ಪ್ರಿಂಗಿಗೂ ನಡುವೆ ಇರುವ ತೋಳು ಒಂದು ಮೀಟುಗೋಲು. ಅದು ಎರಡು ಕಡೆ ಕೈಯಾಡಿಸುತ್ತದೆ. ಚಕ್ರ 10 ಮಿಲಿಮೀಟರ್ ಏರಿದರೆ ಸ್ಪ್ರಿಂಗು 7 ಮಿಲಿಮೀಟರ್ ಮಾತ್ರ ಕುಗ್ಗುವುದರಿಂದ ಸ್ಪ್ರಿಂಗಿನಲ್ಲಿ ಹುಟ್ಟುವ ಬಲವೇ ಹತ್ತರಲ್ಲಿ ಏಳು ಪಾಲು. ಹಾಗೆ ಹುಟ್ಟಿದ ಬಲವೂ ತೋಳಿನ ಒಳಭಾಗದಲ್ಲಿ ಒತ್ತುವುದರಿಂದ ಚಕ್ರದವರೆಗೆ ತಲುಪುವಾಗ ಮತ್ತೆ ಹತ್ತರಲ್ಲಿ ಏಳು ಪಾಲಾಗುತ್ತದೆ. 0.7ನ್ನು 0.7ರಿಂದ ಗುಣಿಸಿದರೆ 0.49. ಅಂದರೆ ಸ್ಪ್ರಿಂಗಿನ ಬಿಗಿಯಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಾತ್ರ ಚಕ್ರಕ್ಕೆ ಸಿಗುತ್ತದೆ. ನಾನು 2.27ನ್ನು 0.49ರಿಂದ ಭಾಗಿಸಿ 4.63ರ ಸ್ಪ್ರಿಂಗು ಹೇಳಬೇಕಾಗಿತ್ತು. ನಾನು ಹೇಳಿದ 3.24ರ ಸ್ಪ್ರಿಂಗಿನಿಂದ ಚಕ್ರಕ್ಕೆ ಸಿಕ್ಕಿದ್ದು 1.59. ಭಾರವನ್ನು ಮಾತ್ರ ಒಂದೇ ಸಲ ಭಾಗಿಸುವುದು ಸರಿ, ಏಕೆಂದರೆ ಅಲ್ಲಿ ಕುಗ್ಗುವ ಮಾತಿಲ್ಲ. ಆ ಲೆಕ್ಕ ಸರಿಯಿದ್ದುದರಿಂದಲೇ ಉದ್ದವೂ ಹೊಂದಿತು, ಕಾರು ಸರಿಯಾದ ಎತ್ತರದಲ್ಲಿ ನಿಂತು ನನ್ನ ಕಣ್ಣಿಗೆ ಮಣ್ಣೆರಚಿತು. ನಿಂತ ಕಾರಿನ ಎತ್ತರ ಸ್ಪ್ರಿಂಗಿನ ಬಿಗಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಉದ್ದವಾದ ಮೆತ್ತನೆಯ ಸ್ಪ್ರಿಂಗೂ ಗಿಡ್ಡವಾದ ಬಿಗಿಯ ಸ್ಪ್ರಿಂಗೂ ಅದೇ ಎತ್ತರಕ್ಕೆ ನಿಲ್ಲಿಸಬಲ್ಲವು.

ಘಟ್ಟದ ಬಡಿತಕ್ಕೆ ಈ ಅಂಕಿಗಳೇ ಕಾರಣ ಹೇಳುತ್ತಿದ್ದವು. ಹಿಂದೆ ಮೂವರು ಕೂತು, ಡಿಕ್ಕಿ ತುಂಬಿದಾಗ ಒಂದೊಂದು ಬದಿಗೆ ಸುಮಾರು 100 ಕಿಲೋ ಹೆಚ್ಚುತ್ತದೆ. 1.59ರ ಲೆಕ್ಕದಲ್ಲಿ ಕಾರು 63 ಮಿಲಿಮೀಟರ್ ಕೂರುತ್ತದೆ. ಇದ್ದ 70ರಲ್ಲಿ ಉಳಿಯುವುದು ಏಳು. ತಿರುವಿನಲ್ಲಿ ಹೊರಬದಿಗೆ ಭಾರ ವಾಲಿದೊಡನೆ ಅದೂ ಮುಗಿದು ರಬ್ಬರಿಗೆ ಬಡಿಯುತ್ತದೆ. 2.27 ಇದ್ದಿದ್ದರೆ ಕೂರುತ್ತಿದ್ದುದು 44, ಉಳಿಯುತ್ತಿದ್ದುದು 26. ತಾಯಿಯವರ ತಲೆಸುತ್ತಿಗೂ ಕಾರಣ ಸಿಕ್ಕಿತು. ನನ್ನ ಸ್ಪ್ರಿಂಗಿನಲ್ಲಿ ಹಿಂಭಾಗದ ಲಯ ಖಾಲಿ ಕಾರಿನಲ್ಲೇ ನಿಮಿಷಕ್ಕೆ 75, ತುಂಬಿದಾಗ 64, ಮುಂಭಾಗ 78. ಊರೊಳಗೆ ಹೂವಿನಂತೆ ಹೋಯಿತು ಎಂದು ನಾನು ಮೆಚ್ಚಿಕೊಂಡಿದ್ದು ಇದೇ ದೋಷವನ್ನು.

ಎರಡನೆಯ ಜೋಡಿಯ ಖರ್ಚು ನಾನೇ ಹಾಕಿದೆ. ಬಿಗಿ 4.63, ನಿಂತಾಗಿನ ಕುಗ್ಗುವಿಕೆ 77, ಬಿಡಿ ಉದ್ದ 292 ಮಿಲಿಮೀಟರ್. 13 ಮಿಲಿಮೀಟರ್ ಸರಿಗೆ, ಸರಿಗೆಯ ನಡುವಿನಿಂದ ನಡುವಿಗೆ ಅಳೆದ ವ್ಯಾಸ 105, ಕೆಲಸ ಮಾಡುವ ಸುತ್ತುಗಳು ಐದೂವರೆಗೆ ತುಸು ಕಡಿಮೆ. ಚಕ್ರ ಪೂರ್ತಿ ಜೋತುಬಿದ್ದಾಗ ಬಟ್ಟಲುಗಳ ಅಂತರ 271 ಆಗುತ್ತದೆ. ಸ್ಪ್ರಿಂಗು ಅದಕ್ಕಿಂತ 21 ಮಿಲಿಮೀಟರ್ ಉದ್ದವಿರುವುದರಿಂದ ಸಡಿಲವಾಗುವುದಿಲ್ಲ. ಹೆಚ್ಚಿದ ಬಿಗಿಗೆ ತಕ್ಕ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿದೆವು. ತೋಳುಗಳ ಕೀಲಿನಲ್ಲಿರುವ ಬುಷ್‌ಗಳ ಬೋಲ್ಟುಗಳನ್ನು ಕಾರು ನೆಲದ ಮೇಲೆ ನಿಂತ ಮೇಲೆಯೇ ಬಿಗಿದೆವು. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗಿನಂತೆ ಒತ್ತುತ್ತದೆ, ಎತ್ತರದ ಅಳತೆ ಕೆಡುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ.

ಈ ಸಲ ಕಾರನ್ನು ಹೊರಗೆ ಬಿಡುವ ಮುನ್ನ ಗ್ಯಾರೇಜಿನೊಳಗೇ ಭಾರ ಹೇರಿದೆವು. ಅದೇ ತೂಕದ ಯಂತ್ರಗಳ ಮೇಲೆ ಕಾರನ್ನು ನಿಲ್ಲಿಸಿ, ಒಂದೊಂದು ಬದಿಗೆ 100 ಕಿಲೋ ಹೆಚ್ಚು ತೋರಿಸುವವರೆಗೆ ಡಿಕ್ಕಿಯಲ್ಲಿ ಮತ್ತು ಹಿಂದಿನ ಸೀಟಿನಲ್ಲಿ ಮರಳಿನ ಚೀಲಗಳನ್ನಿಟ್ಟು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ಕುಸಿದದ್ದು 43 ಮಿಲಿಮೀಟರ್. ಬುಷ್‌ಗಳ ಅಲ್ಪ ಬಿಗಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಸರಿಯಾದ ಉತ್ತರ. ಮೊದಲ ಸಲವೇ ಅರ್ಧ ಗಂಟೆ ಕೊಟ್ಟು ಇದನ್ನು ಮಾಡಿದ್ದರೆ 44 ಬರಬೇಕಾದಲ್ಲಿ 63 ಬಂದದ್ದು ಅಲ್ಲಿಯೇ ಕಾಣುತ್ತಿತ್ತು. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಘಟ್ಟ ಹತ್ತಿಸಿಕೊಂಡು ಬರಲು ಮಾಲೀಕರಿಗೆ ಹೇಳಿದೆ. ಚಕ್ರ ಎಷ್ಟು ಮೇಲೇರಿತೋ ಅಷ್ಟು ದೂರ ಆ ಟೈ ಸರಿದು ಅಲ್ಲಿಯೇ ನಿಲ್ಲುತ್ತದೆ. ದೇವಿಮನೆಯ ತಿರುವುಗಳನ್ನೆಲ್ಲ ದಾಟಿ ಶಿರಸಿ ಮುಟ್ಟಿದಾಗ ರಬ್ಬರಿಗೆ ಮುಟ್ಟಲು ಇನ್ನೂ ಬೆರಳು ದಪ್ಪದ ಜಾಗ ಉಳಿದಿತ್ತೆಂದು ಅವರು ಫೋಟೊ ಕಳಿಸಿದರು.

ಚಾಲಕ ಮಾತ್ರ ಕೂತಾಗ ಬಲಬದಿ ಎಡಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ತಗ್ಗಿತ್ತು. ಚಾಲಕನ ಬದಿಯ 8 ಕಿಲೋ ಹೆಚ್ಚಳದ ಫಲ ಅದು. ಅದಕ್ಕೆ ಸ್ಪ್ರಿಂಗನ್ನು ಮುಟ್ಟುವ ಅಗತ್ಯವಿರಲಿಲ್ಲ. ಮರ್ಸಿಡಿಸ್‌ನವರು ಸ್ಪ್ರಿಂಗಿನ ತಲೆಗೆ ಬೇರೆ ಬೇರೆ ದಪ್ಪದ ರಬ್ಬರ್ ಪ್ಯಾಡುಗಳನ್ನು ಕೊಡುತ್ತಾರೆ, ಅಂಚಿನ ಗುಬುಟುಗಳನ್ನು ಎಣಿಸಿದರೆ ದಪ್ಪ ತಿಳಿಯುತ್ತದೆ. ಬಲಬದಿಗೆ ಒಂದು ಗುಬುಟು ಹೆಚ್ಚಿನ ಪ್ಯಾಡು ತರಿಸಿ ಹಾಕಿದೆವು. ಬರುವ ಮಳೆಗಾಲ ಮುಗಿದ ಮೇಲೆ ಸಬ್‌ಫ್ರೇಮಿನ ಬೆಸುಗೆಯನ್ನೂ ಸ್ಪ್ರಿಂಗಿನ ಬಣ್ಣವನ್ನೂ ನೋಡಲು ಕಾರು ಮತ್ತೆ ಬರಲಿದೆ.